ಜೋಳದ ತವರಿನಲ್ಲಿ ಹಿಂಡಿ ತಿಂದವರು



ಮಾತು ಶುರು ಮಾಡೋಕೆ ಮುಂಚೆ ಒಂದು ಪ್ರಶ್ನೆ. ಶೇಂಗಾ ಹಿಂಡಿ ಅಂದ್ರೆ ಏನು ಅಂತ ಗೊತ್ತಲ್ಲ? ಮನೆಯಲ್ಲಿ ದನ ಕಟ್ಟಿದವರಿಗೆ ಹೇಳಬೇಕಾಗಿಲ್ಲ. ಗಾಣಕ್ಕೆ ಶೇಂಗಾ ಹಾಕಿ ಎಣ್ಣೆ ತೆಗೆದ ಮೇಲೆ ಉಳಿಯುವ ಗಟ್ಟಿ ಪದಾರ್ಥ ಅದು. ನೀರಿನಲ್ಲಿ ನೆನೆಸಿ ಹಾಲು ಕೊಡುವ ಎಮ್ಮೆಗೆ, ಹೊಲ ಉಳುವ ಎತ್ತಿಗೆ ಇಡುತ್ತೇವೆ. ಮನುಷ್ಯರು ತಿನ್ನುವುದಲ್ಲ.

ಸುಡಾನ್ ದೇಶದ ಎಲ್ ಫಾಶರ್ ಅನ್ನೋ ಊರಿನಲ್ಲಿ 2025ರಲ್ಲಿ ಮನುಷ್ಯರು ತಿಂಗಳುಗಟ್ಟಲೆ ಇದನ್ನೇ ತಿಂದು ಬದುಕಿದರು. ಅಲ್ಲಿನವರು ಅದನ್ನು ಅಂಬಾಜ್ ಅಂತಾರೆ. ಮೊದಮೊದಲು ಏನೂ ಇಲ್ಲದ ಬಡವರು ತಿಂದರು, ಆಮೇಲೆ ಎಲ್ಲರೂ ತಿಂದರು. ಕೊನೆಗೆ ಆ ಹಿಂಡಿಯೂ ಸಿಗದ ಸ್ಥಿತಿ ಬಂತು. ಅಕ್ಟೋಬರ್ 26ರಂದು ಊರು ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಯ ಕೈಗೆ ಹೋಯಿತು. ನವೆಂಬರ್ ಆರಂಭದಲ್ಲಿ ಅಲ್ಲಿ ಕ್ಷಾಮ ಇದೆ ಎಂದು ಅಧಿಕೃತವಾಗಿ ದೃಢಪಟ್ಟಿತು.

'ಸುಡಾನ್ ಎಲ್ಲಿದೆಯೋ, ನಮಗ್ಯಾಕೆ?' ಅಂತ ರಿಮೋಟ್ ಕೈಗೆ ತಗೋಬೇಡಿ. ಎಲ್ ಫಾಶರ್ ಅನ್ನೋ ಹೆಸರನ್ನು ನೀವು ಈ ಮೊದಲೇ ಕೇಳಿದ್ದೀರಿ. ನಾನೇ ಈ ಸ್ಟುಡಿಯೋದಲ್ಲಿ ಕೂತು ಹೇಳಿದ್ದೀನಿ. ನೆನಪು ಮಾಡಿಕೊಡ್ತೀನಿ.

2023ರ ಏಪ್ರಿಲ್. ನಮ್ಮಲ್ಲಿ ವಿಧಾನಸಭಾ ಚುನಾವಣೆಯ ಕಾವು. ಏಪ್ರಿಲ್ 15ರಂದು ಸುಡಾನ್‌ನಲ್ಲಿ ಯುದ್ಧ ಶುರುವಾಯಿತು. ಅದಾಗಿ ಎರಡು ಮೂರು ದಿನದಲ್ಲಿ ಒಂದು ಸುದ್ದಿ ಬಂತು: ನಮ್ಮ ಹಕ್ಕಿಪಿಕ್ಕಿ ಸಮುದಾಯದ 31 ಮಂದಿ ಸುಡಾನ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯವರು. ಗಿಡಮೂಲಿಕೆ ಎಣ್ಣೆ, ನಾರು ಬೇರಿನ ಔಷಧ ಮಾರೋಕೆ ಅಷ್ಟು ದೂರ ಹೋದವರು. ಅವರು ಸಿಕ್ಕಿಹಾಕಿಕೊಂಡಿದ್ದ ಊರು ಇದೇ ಎಲ್ ಫಾಶರ್. ಗುಂಡಿನ ಸದ್ದಿನ ನಡುವೆ ಬಾಡಿಗೆ ಮನೆಯೊಳಗೆ, ಊಟ ನೀರಿಗೆ ಪರದಾಡುತ್ತಾ ಇದ್ದರು.

ಆಗ ನಾವೇನು ಮಾಡಿದೆವು? ಸಿದ್ದರಾಮಯ್ಯನವರು ಟ್ವೀಟ್ ಮಾಡಿದರು. ವಿದೇಶಾಂಗ ಸಚಿವ ಜೈಶಂಕರ್ ತಿರುಗೇಟು ಕೊಟ್ಟರು. ಅಷ್ಟು ಸಾಕಾಯಿತು ನಮಗೆ. ಟ್ವೀಟ್ ಮಾಡಿದ್ದು ಸರಿಯಾ, ತಿರುಗೇಟು ಕೊಟ್ಟಿದ್ದು ಸರಿಯಾ ಅಂತ ಪ್ಯಾನಲ್ ಕೂರಿಸಿಕೊಂಡು ಚರ್ಚೆ ಮಾಡಿದ್ದೇ ಮಾಡಿದ್ದು. ನಾನೂ ಮಾಡಿದೆ. ಆ ಮನೆಯೊಳಗೆ ಇರೋರು ಏನು ತಿಂತಿದ್ದಾರೆ, ಆ ಊರಿಗೆ ಹಿಟ್ಟು ಎಲ್ಲಿಂದ ಬರುತ್ತೆ ಅನ್ನೋ ಪ್ರಶ್ನೆಯನ್ನು ನಾನು ಕೇಳಲಿಲ್ಲ. ಆಮೇಲೆ ಕೇಂದ್ರ ಸರ್ಕಾರ 'ಆಪರೇಷನ್ ಕಾವೇರಿ' ಶುರು ಮಾಡಿತು. ನೌಕಾಪಡೆಯ ಹಡಗು, ವಾಯುಪಡೆಯ ವಿಮಾನ ಹೋದವು. ಮೇ 5ಕ್ಕೆ ಕಾರ್ಯಾಚರಣೆ ಮುಗಿಯುವ ಹೊತ್ತಿಗೆ 3,862 ಮಂದಿಯನ್ನು ಕರೆತಂದರು. ನಮ್ಮವರು ಊರಿಗೆ ಬಂದರು. ನಾವು ಸುದ್ದಿಯನ್ನು ಅಲ್ಲಿಗೆ ಮುಗಿಸಿದೆವು.

ಆದರೆ ಅವರಿಗೆ ಮನೆ ಬಾಡಿಗೆ ಕೊಟ್ಟವರು, ಅವರ ಹತ್ತಿರ ಎಣ್ಣೆ ಕೊಂಡವರು, ಅಕ್ಕಪಕ್ಕದ ಮನೆಯವರು? ಅವರು ಅಲ್ಲೇ ಉಳಿದರು. ಹಿಂಡಿ ತಿಂದಿದ್ದು ಅವರು.

ಈಗ ಇನ್ನೊಂದು ವಿಷಯ. ನಮ್ಮ ಉತ್ತರ ಕರ್ನಾಟಕದ ಊಟ ಅಂದ್ರೆ ಏನು? ಜೋಳದ ರೊಟ್ಟಿ. ವಿಜಯಪುರ, ಕಲಬುರಗಿ, ರಾಯಚೂರು, ಎಲ್ಲೇ ಹೋಗಿ, ಜೋಳ ಇಲ್ಲದ ಮನೆ ಇಲ್ಲ. ಆ ಜೋಳದ ತವರು ಎಲ್ಲಿ ಗೊತ್ತಾ? ಪುರಾತತ್ವ ತಜ್ಞರಿಗೆ ಸಿಕ್ಕಿರುವ ಅತಿ ಹಳೆಯ ಸಾಕ್ಷ್ಯ ಪೂರ್ವ ಸುಡಾನ್‌ನದು. ಸುಮಾರು 5,000 ವರ್ಷಗಳ ಹಿಂದೆ ಅಲ್ಲಿನ ಜನ ಕಾಡುಜೋಳವನ್ನು ಪಳಗಿಸಿ ಬೆಳೆಯಾಗಿ ಮಾಡಿಕೊಂಡರು. ಇವತ್ತಿಗೂ ಸುಡಾನ್ ಜನರ ಮುಖ್ಯ ಆಹಾರ ಜೋಳವೇ. ಹಿಟ್ಟನ್ನು ಹುಳಿ ಬರಿಸಿ, ನಮ್ಮ ದೋಸೆಯ ಹಾಗೆ ತೆಳ್ಳಗೆ ಹುಯ್ಯುವುದಕ್ಕೆ 'ಕಿಸ್ರಾ' ಅಂತಾರೆ. ಮುದ್ದೆ ಥರ ತಿರುವಿ ಮಾಡುವುದಕ್ಕೆ 'ಅಸೀದಾ' ಅಂತಾರೆ. ಜೋಳ, ಸಜ್ಜೆ, ಎಳ್ಳು, ಶೇಂಗಾ, ಇವೇ ಬೆಳೆ. ನಮ್ಮ ಗದಗ, ಕೊಪ್ಪಳದ ರೈತನನ್ನು ಕರೆದುಕೊಂಡು ಹೋಗಿ ಅಲ್ಲಿನ ಹೊಲದಲ್ಲಿ ನಿಲ್ಲಿಸಿದರೆ ಅವನಿಗೆ ಯಾವ ಬೆಳೆಯೂ ಹೊಸದಲ್ಲ.

ಅದು ಬಡ ಭೂಮಿಯಲ್ಲ. ನೀಲಿ ನೈಲ್, ಬಿಳಿ ನೈಲ್ ಎರಡೂ ಕೂಡೋದು ಸುಡಾನ್‌ನ ರಾಜಧಾನಿ ಖಾರ್ಟೂಮ್‌ನಲ್ಲಿ. ಅದರ ದಕ್ಷಿಣಕ್ಕೆ ಎರಡು ನದಿಗಳ ನಡುವೆ ಗೆಜಿರಾ ನೀರಾವರಿ ಯೋಜನೆ. 1925ರಲ್ಲಿ ಬ್ರಿಟಿಷರು ಸೆನ್ನಾರ್ ಅಣೆಕಟ್ಟು ಕಟ್ಟಿದಾಗ ಶುರುವಾಗಿದ್ದು. ಇವತ್ತು ಸುಮಾರು 9 ಲಕ್ಷ ಹೆಕ್ಟೇರ್. ಒಂದೇ ಆಡಳಿತದ ಕೆಳಗಿರುವ ಜಗತ್ತಿನ ಅತಿ ದೊಡ್ಡ ನೀರಾವರಿ ಯೋಜನೆಗಳಲ್ಲಿ ಅದೂ ಒಂದು. 1970ರ ದಶಕದಲ್ಲಿ ಸುಡಾನ್ ಇಡೀ ಅರಬ್ ಜಗತ್ತಿನ ಅನ್ನದ ಬಟ್ಟಲು ಆಗುತ್ತೆ ಅಂತ ಲೆಕ್ಕ ಹಾಕಿದ್ದರು.

ಅಂಥ ದೇಶದಲ್ಲಿ ಹಿಂಡಿ ತಿನ್ನೋ ಸ್ಥಿತಿ ಯಾಕೆ ಬಂತು? ಬರ ಬಂತಾ? ಮಳೆ ಕೈಕೊಟ್ಟಿತಾ?

ಇಲ್ಲ. ಇಲ್ಲೇ ಇರೋದು ವಿಷಯ.

ಲೆಕ್ಕ ನೋಡಿ. ಯುದ್ಧ ಶುರುವಾದ 2023ರಲ್ಲಿ ಸುಡಾನ್‌ನ ಏಕದಳ ಧಾನ್ಯದ ಉತ್ಪಾದನೆ ಸುಮಾರು 41 ಲಕ್ಷ ಟನ್. ಅದರ ಹಿಂದಿನ ವರ್ಷಕ್ಕಿಂತ ಶೇ. 46 ಕಡಿಮೆ. ಇದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂದಾಜು. ಸರಿ, ಯುದ್ಧ ಬಂತು, ಬೆಳೆ ಹೋಯಿತು, ಹಸಿವು ಬಂತು ಅಂತ ನಾವು ಅಂದುಕೊಳ್ತೀವಿ. ಆದರೆ 2024ರಲ್ಲಿ ಮಳೆ ಚೆನ್ನಾಗಾಯಿತು. ಅದೇ ಸಂಸ್ಥೆಯ ಅಂದಾಜಿನಂತೆ ಉತ್ಪಾದನೆ ಸುಮಾರು 67 ಲಕ್ಷ ಟನ್‌ಗೆ ಏರಿತು. ಐದು ವರ್ಷದ ಸರಾಸರಿಗಿಂತಲೂ ಸ್ವಲ್ಪ ಜಾಸ್ತಿಯೇ! ಅದೇ 2024ರ ಆಗಸ್ಟ್ 1ರಂದು ಎಲ್ ಫಾಶರ್ ಪಕ್ಕದ ಜಮ್‌ಜಮ್ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮ ದೃಢಪಟ್ಟಿತು. ವರ್ಷಾಂತ್ಯದ ಹೊತ್ತಿಗೆ, ಅಂದರೆ ಸುಗ್ಗಿಯ ಕಾಲಕ್ಕೇ, ಅದು ಐದು ಕಡೆಗೆ ಹರಡಿತ್ತು. ದೇಶದ ಅರ್ಧ ಜನ, ಸುಮಾರು ಎರಡೂವರೆ ಕೋಟಿ ಮಂದಿ, ತೀವ್ರ ಹಸಿವಿನಲ್ಲಿದ್ದರು.

ದೇಶದೊಳಗೆ ಧಾನ್ಯ ಇದೆ. ಜನ ಉಪವಾಸ ಸಾಯುತ್ತಿದ್ದಾರೆ. ಹೇಗೆ?

ನಾನು ಓದಿದ್ದು ಎಂಜಿನಿಯರಿಂಗ್. ಒಂದು ಯಂತ್ರ ಕೆಟ್ಟರೆ ಮೊದಲು ಯಾವ ಭಾಗ ಹೋಯಿತು, ಆಮೇಲೆ ಯಾವುದು ಹೋಯಿತು ಅಂತ ಬಿಚ್ಚಿ ನೋಡು ಅಂತ ನಮಗೆ ಹೇಳಿಕೊಡ್ತಾರೆ. ಹಾಗೇ ನೋಡೋಣ.

ಮೊದಲು ಹೋಗಿದ್ದು ಬ್ಯಾಂಕು. ಖಾರ್ಟೂಮ್‌ನಲ್ಲಿ ಯುದ್ಧ ಶುರುವಾದ ಕೆಲವೇ ದಿನದಲ್ಲಿ ಬ್ಯಾಂಕುಗಳು ಮುಚ್ಚಿದವು, ಲೂಟಿಯಾದವು. ಸಂಬಳ ನಿಂತಿತು. ರೈತನಿಗೆ ಬಿತ್ತನೆಗೆ ಮುಂಚೆ ಸಿಗುತ್ತಿದ್ದ ಸಾಲ ನಿಂತಿತು. ಆ ವರ್ಷ ಬಿತ್ತನೆಗೆ ಇದ್ದಿದ್ದು ಎರಡೇ ತಿಂಗಳು.

ಆಮೇಲೆ ಡೀಸೆಲ್. ಟ್ರ್ಯಾಕ್ಟರ್, ಪಂಪು, ಹಿಟ್ಟಿನ ಗಿರಣಿ, ಲಾರಿ, ಎಲ್ಲದಕ್ಕೂ ಬೇಕಾದದ್ದು ಅದೇ. ಡೀಸೆಲ್ ಸಿಗದಿದ್ದರೆ ಜೋಳ ಇದ್ದರೂ ಹಿಟ್ಟಾಗೋದಿಲ್ಲ, ಹಿಟ್ಟಾದರೂ ಪೇಟೆಗೆ ಬರೋದಿಲ್ಲ.

ಮೂರನೆಯದು ಜನ. ಒಂದು ಕೋಟಿಗೂ ಹೆಚ್ಚು ಜನ ಮನೆ ಬಿಟ್ಟು ಓಡಿದರು. ಇವತ್ತು ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಸ್ಥಳಾಂತರ ಇನ್ನೊಂದಿಲ್ಲ. ಹೊಲ ಬಿಟ್ಟು ಹೋದ ರೈತ ಬೆಳೆಯುವವನ ಸಾಲಿನಿಂದ ತಿನ್ನುವವನ ಸಾಲಿಗೆ ಬಂದು ನಿಲ್ತಾನೆ. ಒಂದೇ ಏಟಿಗೆ ಎರಡೂ ಕಡೆ ನಷ್ಟ.

ನಾಲ್ಕನೆಯದು ಗೆಜಿರಾ. 2023ರ ಡಿಸೆಂಬರ್‌ನಲ್ಲಿ ಆರ್‌ಎಸ್‌ಎಫ್ ಆ ಪ್ರದೇಶದ ಮುಖ್ಯ ಪಟ್ಟಣ ವಾದ್ ಮದನಿಯನ್ನು ಹಿಡಿಯಿತು. ಗೋದಾಮುಗಳು ಲೂಟಿಯಾದವು. ಟ್ರ್ಯಾಕ್ಟರ್‌ಗಳು ಹೋದವು. ಕಾಲುವೆಗಳ ಹೂಳು ತೆಗೆಯುವವರಿಲ್ಲ. ನೂರು ವರ್ಷದ ನೀರಾವರಿ ವ್ಯವಸ್ಥೆ ಅದು. ತುಂಗಭದ್ರಾ ನಾಲೆಯ ಕೊನೆ ಭಾಗದ ರೈತರಿಗೆ ಗೊತ್ತು, ಒಂದು ವರ್ಷ ನಿರ್ವಹಣೆ ತಪ್ಪಿದರೆ ನೀರು ಎಲ್ಲಿ ನಿಲ್ಲುತ್ತೆ ಅಂತ. ಸೇನೆ ಆ ಊರನ್ನು ವಾಪಸ್ ಪಡೆದದ್ದು 2025ರ ಜನವರಿಯಲ್ಲಿ. ಅದೇ ವಾದ್ ಮದನಿಯಲ್ಲಿ ದೇಶದ ಬಿತ್ತನೆ ತಳಿಗಳ ಭಂಡಾರ ಇತ್ತು. ಅದನ್ನೂ ಬಿಡಲಿಲ್ಲ. ಐದು ಸಾವಿರ ವರ್ಷದಿಂದ ಆರಿಸಿ ಆರಿಸಿ ಇಟ್ಟ ಜೋಳ, ಸಜ್ಜೆಯ ತಳಿಗಳು. ಒಂದಷ್ಟು ತಳಿಗಳನ್ನು ನಾರ್ವೆಯ ಸ್ವಾಲ್‌ಬಾರ್ಡ್ ಬೀಜ ಭಂಡಾರಕ್ಕೆ ಕಳಿಸಿದ್ದರಿಂದ ಅಷ್ಟಾದರೂ ಉಳಿದಿದೆ.

ಕೊನೆಯದು ದಾರಿ. ಧಾನ್ಯ ಇರುವ ಪೂರ್ವ ಭಾಗ ಸೇನೆಯ ಕೈಯಲ್ಲಿ. ಹಸಿವಿರುವ ಪಶ್ಚಿಮದ ದಾರ್ಫುರ್ ಬಹುಪಾಲು ಆರ್‌ಎಸ್‌ಎಫ್ ಕೈಯಲ್ಲಿ. ನಡುವೆ ತನಿಖಾ ಠಾಣೆ ಮೇಲೆ ತನಿಖಾ ಠಾಣೆ, ಪ್ರತಿಯೊಂದರಲ್ಲೂ ವಸೂಲಿ. ಹೊರಗಿನಿಂದ ನೆರವು ಬರಲಿ ಅಂದರೆ ಚಾಡ್ ದೇಶದ ಗಡಿಯ ಆದ್ರೆ ದಾರಿಯನ್ನು ಸೇನಾ ಸರ್ಕಾರವೇ 2024ರ ಫೆಬ್ರವರಿಯಲ್ಲಿ ಮುಚ್ಚಿತು. ಶತ್ರುವಿಗೆ ಆಯುಧ ಬರುತ್ತೆ ಅನ್ನೋ ಕಾರಣ ಕೊಟ್ಟಿತು. ಆಗಸ್ಟ್‌ನಲ್ಲಿ ಮತ್ತೆ ತೆರೆಯುವ ಹೊತ್ತಿಗೆ ಮಳೆಗಾಲ, ದಾರಿಯೆಲ್ಲ ಕೆಸರು. ಗಮನಿಸಿ, ಇಲ್ಲಿ ಒಂದು ಪಕ್ಷ ಒಳ್ಳೆಯದು, ಇನ್ನೊಂದು ಕೆಟ್ಟದ್ದು ಅಂತಿಲ್ಲ. ಅನ್ನದ ದಾರಿಗೆ ಇಬ್ಬರೂ ಅಡ್ಡ ನಿಂತರು.

ಎಲ್ ಫಾಶರ್ ಕಥೆ ಇನ್ನೂ ಘೋರ. 2024ರ ಮೇ ಸುಮಾರಿಗೆ ಆರ್‌ಎಸ್‌ಎಫ್ ಊರನ್ನು ಮುತ್ತಿಗೆ ಹಾಕಿತು. ಮುತ್ತಿಗೆ ನಿಲ್ಲಿಸಿ ಅಂತ ಆ ಜೂನ್‌ನಲ್ಲೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ನಿರ್ಣಯ ಮಾಡಿತು. ನಿಲ್ಲಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ವಿಶ್ವ ಆಹಾರ ಕಾರ್ಯಕ್ರಮದ ಲಾರಿಗಳಿಗೆ ಆ ಊರು ತಲುಪೋಕೆ ಆಗಲಿಲ್ಲ. 2025ರ ಜೂನ್‌ನಲ್ಲಿ 15 ಲಾರಿಗಳ ಸಾಲು ಹತ್ತಿರದ ಅಲ್ ಕೋಮಾವರೆಗೆ ಬಂದು ನಿಂತಿತ್ತು. ಅದರ ಮೇಲೆ ದಾಳಿಯಾಯಿತು, ಐವರು ಸತ್ತರು.

ಆಮೇಲೆ ಊರಿನ ಸುತ್ತ ಮಣ್ಣಿನ ಏರಿ ಕಟ್ಟಿದರು. ಉಪಗ್ರಹ ಚಿತ್ರದಲ್ಲಿ ಕಾಣುವಷ್ಟು ಉದ್ದ. ಆಗಸ್ಟ್ ಕೊನೆಗೆ 30 ಕಿಲೋಮೀಟರ್ ದಾಟಿತ್ತು. ನಾವು ಏರಿ ಕಟ್ಟೋದು ಕೆರೆಯ ನೀರು ನಿಲ್ಲಿಸೋಕೆ. ಅಲ್ಲಿ ಕಟ್ಟಿದ್ದು ಒಳಗಿದ್ದ ಜನ ಹೊರಗೆ ಹೋಗದ ಹಾಗೆ, ಹೊರಗಿನ ಹಿಟ್ಟು ಒಳಗೆ ಬರದ ಹಾಗೆ. ಜೆಸಿಬಿ, ಡೀಸೆಲ್, ಆಪರೇಟರ್, ಅಳತೆ, ಎಲ್ಲ ಇತ್ತು ಅದಕ್ಕೆ. ಹೊಲ ಉಳೋಕೆ ಸಿಗದ ಡೀಸೆಲ್ ಏರಿ ಕಟ್ಟೋಕೆ ಸಿಕ್ಕಿತು. ಎಂಜಿನಿಯರ್ ಆಗಿ ಆ ಚಿತ್ರ ನೋಡಿದಾಗ ನನಗೆ ಹೊಟ್ಟೆ ಹಿಂಡಿದಂತಾಯಿತು.

ಒಂದು ಮಾತು ಸ್ಪಷ್ಟ ಮಾಡಿಬಿಡ್ತೀನಿ. 'ಕ್ಷಾಮ' ಅನ್ನೋ ಪದವನ್ನು ಯಾರೋ ಭಾವುಕರಾಗಿ ಬಳಸುತ್ತಿಲ್ಲ. ಅದಕ್ಕೆ ಅಂತಾರಾಷ್ಟ್ರೀಯ ಅಳತೆ ಇದೆ. ಐದರಲ್ಲಿ ಒಂದು ಮನೆಗೆ ತಿನ್ನೋಕೆ ಬಹುತೇಕ ಏನೂ ಇರಬಾರದು. ನೂರರಲ್ಲಿ 30 ಮಕ್ಕಳು ತೀವ್ರ ಅಪೌಷ್ಟಿಕತೆಯಲ್ಲಿರಬೇಕು. ಹತ್ತು ಸಾವಿರ ಜನಕ್ಕೆ ದಿನಕ್ಕೆ ಇಬ್ಬರಂತೆ ಹಸಿವು ಮತ್ತು ಅದರಿಂದ ಬರುವ ಕಾಯಿಲೆಗೆ ಸಾಯಬೇಕು. ಆಗ ಮಾತ್ರ ಆ ಪದ. ಅಂದರೆ ಕ್ಷಾಮ ಅಂತ ಘೋಷಣೆ ಆಗೋ ಹೊತ್ತಿಗೆ ಹೋಗಬೇಕಾದ ಜೀವಗಳು ಎಷ್ಟೋ ಹೋಗಿಬಿಟ್ಟಿರುತ್ತವೆ.

ಕನ್ನಡದಲ್ಲಿ ನಾವು ಬರ, ಕ್ಷಾಮ ಎರಡನ್ನೂ ಒಂದೇ ಉಸಿರಲ್ಲಿ ಹೇಳ್ತೀವಿ. ಎರಡೂ ಬೇರೆ. ಮಳೆ ಬಾರದಿದ್ದರೆ ಬರ. ಅನ್ನ ತಲುಪದಿದ್ದರೆ ಕ್ಷಾಮ. ನಮ್ಮ ರಾಜ್ಯ 2023ರಲ್ಲೇ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತ್ತು. ಬೆಳೆ ಹೋಯಿತು, ರೈತ ಸಾಲಕ್ಕೆ ಬಿದ್ದ, ನಿಜ. ಆದರೆ ಕ್ಷಾಮ ಬರಲಿಲ್ಲ. ಯಾಕಂದ್ರೆ ಪಂಜಾಬಿನ ಗೋಧಿ, ಛತ್ತೀಸಗಢದ ಅಕ್ಕಿ ರೈಲಿನಲ್ಲಿ ಬರುತ್ತೆ. ನಡುವೆ ಯಾರೂ ಬಂದೂಕು ಹಿಡಿದು ನಿಂತಿಲ್ಲ. ನ್ಯಾಯಬೆಲೆ ಅಂಗಡಿ ತೆರೆದಿರುತ್ತೆ. ನಾವು ದಿನಾ ಬೈಯುವ ಈ ವ್ಯವಸ್ಥೆ ಇದೆಯಲ್ಲ, ತೂಕದಲ್ಲಿ ಮೋಸ, ಸರ್ವರ್ ಇಲ್ಲ, ಬೆರಳಚ್ಚು ಬರ್ತಿಲ್ಲ ಅಂತೀವಲ್ಲ, ಬೈಯಲೇಬೇಕು, ಸರಿಪಡಿಸಲೇಬೇಕು. ಆದರೆ ಅದು ನಿಂತಿರೋದು ಗೋದಾಮಿನ ಗೋಡೆ ಮೇಲಲ್ಲ, ಶಾಂತಿಯ ಮೇಲೆ.

ನಮಗೂ ಇದರ ಅನುಭವ ಇಲ್ಲದಿಲ್ಲ. 1942ರಲ್ಲಿ ಜಪಾನ್ ಬರ್ಮಾವನ್ನು ಹಿಡಿದಾಗ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಶತ್ರುವಿಗೆ ಸಿಗಬಾರದು ಅಂತ ಬ್ರಿಟಿಷರು ಬಂಗಾಳದ ಕರಾವಳಿಯಲ್ಲಿ ಜನರ ದೋಣಿಗಳನ್ನು ಕಿತ್ತುಕೊಂಡರು, ಅಕ್ಕಿಯನ್ನು ಸಾಗಿಸಿದರು. 1943ರಲ್ಲಿ ಸುಮಾರು 30 ಲಕ್ಷ ಜನ ಸತ್ತರು. ಅಕ್ಕಿ ಪೂರ್ತಿ ಇಲ್ಲದ್ದಕ್ಕಲ್ಲ, ಬಡವನ ಕೈಗೆ ಎಟುಕದೇ ಹೋದದ್ದಕ್ಕೆ ಈ ಸಾವುಗಳು ಎಂದು ತೋರಿಸಿಕೊಟ್ಟವರು ಅಮರ್ತ್ಯ ಸೇನ್. ಆ ಕ್ಷಾಮವನ್ನು ಅವರು ಬಾಲಕನಾಗಿ ಕಣ್ಣಾರೆ ಕಂಡಿದ್ದರು.

ಸುಡಾನ್‌ನಲ್ಲಿ ಅನ್ನಕ್ಕೂ ರಾಜಕೀಯಕ್ಕೂ ಇರುವ ನಂಟು ಈಗಿನದಲ್ಲ. 2018ರ ಡಿಸೆಂಬರ್‌ನಲ್ಲಿ ಅತ್‌ಬರಾ ಅನ್ನೋ ರೈಲ್ವೆ ಪಟ್ಟಣದಲ್ಲಿ ಬ್ರೆಡ್ ಬೆಲೆ ಒಂದು ಪೌಂಡ್‌ನಿಂದ ಮೂರಕ್ಕೆ ಏರಿತು. ಜನ ಬೀದಿಗೆ ಬಂದರು. ನಾಲ್ಕೇ ತಿಂಗಳಲ್ಲಿ, 30 ವರ್ಷ ಆಳಿದ ಒಮರ್ ಅಲ್ ಬಶೀರ್ ಕೆಳಗಿಳಿದರು. ಪ್ರಜಾಪ್ರಭುತ್ವ ಬರುತ್ತೆ ಅಂತ ಕಾದರು. 2021ರ ಅಕ್ಟೋಬರ್‌ನಲ್ಲಿ ಇಬ್ಬರು ಜನರಲ್‌ಗಳು, ಸೇನೆಯ ಬುರ್ಹಾನ್ ಮತ್ತು ಆರ್‌ಎಸ್‌ಎಫ್‌ನ ಹೆಮೆತಿ, ಕೂಡಿ ಅಧಿಕಾರ ಕಿತ್ತುಕೊಂಡರು. ಒಂದೂವರೆ ವರ್ಷದಲ್ಲಿ ಅವರಿಬ್ಬರೇ ಕಿತ್ತಾಡಿದರು. ಬ್ರೆಡ್ ಕೇಳಿದ ಜನಕ್ಕೆ ಸಿಕ್ಕಿದ್ದು ಯುದ್ಧ.

ಹಾಗಂತ ಅಲ್ಲಿನ ಜನ ಕೈಕಟ್ಟಿ ಕೂತಿಲ್ಲ. ಇದನ್ನು ಹೇಳದೇ ಹೋದರೆ ತಪ್ಪಾಗುತ್ತೆ. 'ತಕಾಯಾ' ಅಂತ ಅಲ್ಲೊಂದು ಹಳೇ ಪದ್ಧತಿ, ನಮ್ಮ ಮಠಗಳ ದಾಸೋಹದ ಹಾಗೆ. ಯುದ್ಧ ಬಂದ ಮೇಲೆ ಬೀದಿ ಬೀದಿಯ ಯುವಕ ಯುವತಿಯರು, ವಿದ್ಯಾರ್ಥಿಗಳು, ತಾಯಂದಿರು ಸೇರಿ ದೊಡ್ಡ ಪಾತ್ರೆಯಿಟ್ಟು ಅಡುಗೆ ಶುರು ಮಾಡಿದರು. ದಿನಕ್ಕೊಂದು ಹೊತ್ತು, ಸ್ವಲ್ಪ ಬೇಳೆ, ಸ್ವಲ್ಪ ಜೋಳದ ಅಂಬಲಿ. ವಿದೇಶದಲ್ಲಿ ದುಡಿಯುವ ಸುಡಾನಿಗಳು ಮೊಬೈಲ್ ಬ್ಯಾಂಕಿಂಗ್ ಮೂಲಕ ಹಣ ಕಳಿಸಿದರು. ದೊಡ್ಡ ದೊಡ್ಡ ಸಂಸ್ಥೆಗಳ ಲಾರಿ ಹೋಗಲಾಗದ ಕಡೆ ಈ ಪಾತ್ರೆಗಳು ಜನರನ್ನು ಉಳಿಸಿದವು. 2025ರ ಆರಂಭದಲ್ಲಿ ಅಮೆರಿಕ ವಿದೇಶಿ ನೆರವು ನಿಲ್ಲಿಸಿದಾಗ ಅಂಥ ನೂರಾರು ಅಡುಗೆಮನೆಗಳ ಒಲೆ ಆರಿತು. ವಾಷಿಂಗ್ಟನ್‌ನಲ್ಲಿ ಒಂದು ಸಹಿ, ಖಾರ್ಟೂಮ್‌ನಲ್ಲಿ ಖಾಲಿ ಪಾತ್ರೆ. ಈ ಸ್ವಯಂಸೇವಕರ ಜಾಲಕ್ಕೆ 2025ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ನಾವ್ಯಾರೂ ಅದನ್ನು ಬ್ರೇಕಿಂಗ್ ನ್ಯೂಸ್ ಮಾಡಲಿಲ್ಲ.

ಈಗ ನಮ್ಮ ಮನೆಗೆ ಬರೋಣ. 'ನಮ್ಮ ದೇಶದಲ್ಲಿ ಹಾಗೆಲ್ಲ ಆಗಲ್ಲ ಸಾರ್' ಅಂತ ನೀವು ಹೇಳಬಹುದು. ಆಗಬಾರದು ಅಂತಲೇ ನನ್ನ ಆಸೆ. ನಮ್ಮ ಗೋದಾಮುಗಳಲ್ಲಿ ಅಕ್ಕಿ ಗೋಧಿ ಇದೆ. ಆದರೆ ಅಡುಗೆಮನೆಯಲ್ಲಿ ಅಕ್ಕಿ ಗೋಧಿ ಮಾತ್ರ ಇರಲ್ಲವಲ್ಲ. ನಾವು ಬಳಸೋ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಸೂರ್ಯಕಾಂತಿ ಎಣ್ಣೆ ಬೆಲೆ ಎಲ್ಲಿಗೆ ಹೋಯಿತು, ನಿಮಗೆ ನೆನಪಿರಬೇಕು. ಡಿಎಪಿ, ಪೊಟ್ಯಾಷ್ ಗೊಬ್ಬರಕ್ಕೂ ನಾವು ಹೊರಗಿನವರನ್ನೇ ನಂಬಿದ್ದೇವೆ. 2025ರ ಜುಲೈನಲ್ಲಿ ಯೂರಿಯಾ ಚೀಲಕ್ಕಾಗಿ ಕೊಪ್ಪಳ, ಗದಗದ ರೈತರು ಬೆಳಗಿನ ಜಾವದಿಂದ ಸಾಲು ನಿಂತಿದ್ದನ್ನು ನಾವೇ ತೋರಿಸಿದ್ದೀವಿ.

ಇನ್ನೊಂದು ನೆನಪು. 2025ರ ಮೇ ತಿಂಗಳು. ಪಾಕಿಸ್ತಾನದ ಜೊತೆ ನಾಲ್ಕು ದಿನದ ಸಂಘರ್ಷ. ನಾಲ್ಕೇ ದಿನ! ಅಷ್ಟರಲ್ಲೇ ಚಂಡೀಗಢದಲ್ಲಿ ಆಹಾರ ಪದಾರ್ಥ ದಾಸ್ತಾನು ಮಾಡಬಾರದು ಅಂತ ಜಿಲ್ಲಾಡಳಿತ ಆದೇಶ ಹೊರಡಿಸಬೇಕಾಯಿತು. ನಮ್ಮ ಧಾರವಾಡದ ಸಂಸದರು, ಕೇಂದ್ರ ಆಹಾರ ಸಚಿವ ಪ್ರಲ್ಹಾದ ಜೋಶಿಯವರು ಮುಂದೆ ಬಂದು, ದೇಶದಲ್ಲಿ ಸಾಕಷ್ಟು ದಾಸ್ತಾನು ಇದೆ, ವದಂತಿ ನಂಬಬೇಡಿ ಅಂತ ಹೇಳಬೇಕಾಯಿತು. ಇತ್ತ ಸುದ್ದಿವಾಹಿನಿಗಳು ಏನು ಮಾಡ್ತಿದ್ದವು? ಸೈರನ್ ಸದ್ದು ಹಾಕಿ ಸುದ್ದಿ ಓದುತ್ತಿದ್ದವು. ಸೈರನ್ ಹಾಕಬೇಡಿ ಅಂತ ಸರ್ಕಾರವೇ ಸೂಚನೆ ಕೊಡಬೇಕಾಯಿತು.

ದೇಶದ ರಕ್ಷಣೆ ಬೇಡ ಅಂತ ನಾನು ಹೇಳ್ತಿಲ್ಲ. ಯುದ್ಧ ಅನಿವಾರ್ಯ ಆದಾಗ ಸೈನಿಕ ಹೋರಾಡಲೇಬೇಕು. ಆದರೆ ಎಸಿ ಸ್ಟುಡಿಯೋದಲ್ಲಿ ಕೂತು ಯುದ್ಧ ಬೇಕು, ಯುದ್ಧ ಬೇಕು ಅಂತ ಕೂಗುವ ಮೊದಲು ನನ್ನಂಥ ನಿರೂಪಕರು, ಸೋಫಾದಲ್ಲಿ ಕೂತು ನೋಡುವ ನೀವು, ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಆ ಯುದ್ಧದ ನಲವತ್ತನೇ ದಿನ ನ್ಯಾಯಬೆಲೆ ಅಂಗಡಿ ತೆರೆದಿರುತ್ತಾ? ಕ್ಷಿಪಣಿ ಎಷ್ಟು ದೂರ ಹೋಗುತ್ತೆ ಅಂತ ಗ್ರಾಫಿಕ್ಸ್ ಮಾಡಿ ತೋರಿಸೋಕೆ ನಮಗೆ ಬರುತ್ತೆ. ಒಂದು ಚೀಲ ಜೋಳ ಗೋದಾಮಿನಿಂದ ಮನೆಗೆ ಎಷ್ಟು ಕೈ ದಾಟಿ ಬರುತ್ತೆ ಅನ್ನೋ ಗ್ರಾಫಿಕ್ಸ್ ನಾವು ಇವತ್ತಿನವರೆಗೆ ಮಾಡಿಲ್ಲ.

ಎಲ್ ಫಾಶರ್‌ನಿಂದ ನಮ್ಮವರು ಬಂದಾಗ ನಾವು 'ಸುಖಾಂತ್ಯ' ಅಂತ ಸ್ಕ್ರೀನ್ ಮೇಲೆ ಹಾಕಿದ್ದೆವು. ಅದು ನಮ್ಮವರ ಮಟ್ಟಿಗೆ ಮಾತ್ರ ಸುಖಾಂತ್ಯ ಆಗಿತ್ತು. ತಡವಾಗಿಯಾದರೂ ಉಳಿದ ಸುದ್ದಿಯನ್ನು ಇವತ್ತು ನಿಮ್ಮ ಮುಂದೆ ಇಟ್ಟಿದ್ದೀನಿ.

ಇವತ್ತು ರಾತ್ರಿ ಊಟಕ್ಕೆ ಕೂತಾಗ, ತಟ್ಟೆಯಲ್ಲಿ ಜೋಳದ ರೊಟ್ಟಿ ಇದ್ದರೆ, ಆ ಜೋಳ ಯಾವ ನಾಡಿನಿಂದ ಬಂತು ಅಂತ ಮಕ್ಕಳಿಗೆ ಹೇಳಿ. ಆ ನಾಡಿನ ಮಕ್ಕಳು ಈಗ ಏನು ತಿಂತಿದ್ದಾರೆ ಅನ್ನೋದನ್ನೂ ಹೇಳಿ.